ಸ್ಮಶಾನದ ಮಾಡು: ಆಗಿದೆ

ನಾನು ವಾರ್ಡ್ ಮೆಂಬರ್ ಆಗಿದ್ದ ಐದು ವರ್ಷವೂ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ವಾರ್ಡಿನ ವಾಟ್ಸಾಪ್ ಗುಂಪಿಗೆ ಒಂದು ವರದಿ ಹಾಕುತ್ತಿದ್ದೆ. ಹಾಕಿ ಎಂದು ಯಾರೂ ಕೇಳಿರಲಿಲ್ಲ. ಜೀವಮಾನವಿಡೀ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಪ್ರಗತಿಪತ್ರ ಬರೆದ ಕೈ, ನಿವೃತ್ತಿಯಾದ ಮೇಲೆ ಸುಮ್ಮನೆ ಇರಲು ಒಪ್ಪಲಿಲ್ಲ. ವರದಿಯಲ್ಲಿ ವಿಷಯ ಎಷ್ಟೇ ಇರಲಿ, ಷರಾ ಮೂರೇ: ಆಗಿದೆ, ಆಗುತ್ತಿದೆ, ಆಗಲಿದೆ. ಆಗುವುದಿಲ್ಲ ಎಂಬ ನಾಲ್ಕನೆಯ ಷರಾ ಕೂಡ ಇರಬೇಕಿತ್ತು. ಅದನ್ನು ಇಟ್ಟರೆ ಉಳಿದ ಮೂರಕ್ಕೆ ಕೆಲಸ ಸಿಗುವುದಿಲ್ಲ ಎಂದು ಬಿಟ್ಟೆ.

ಊರು ಅಂಕೋಲೆಯೋ ಕಾರವಾರವೋ ಎಂದು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ನಮ್ಮ ಗಟಾರದಿಂದ ಏನೂ ಆಗಬೇಕಾದ್ದಿಲ್ಲ. ವಾರ್ಡಿನ ಅರ್ಧ ಜನ ಮನೆಯಲ್ಲಿ ಕೊಂಕಣಿ ಆಡುವವರು. ದೂರು ಹೇಳುವಾಗ ಕೊಂಕಣಿ, ಧನ್ಯವಾದ ಹೇಳುವಾಗ ಕನ್ನಡ. ಹಾಗಾಗಿ ನನ್ನ ಕೊಂಕಣಿ ಬೇಗ ಸುಧಾರಿಸಿತು. ಸೀಟು ಮಹಿಳೆಯರಿಗೆ ಮೀಸಲಾದ ವರ್ಷ ನಾಲ್ಕು ಜನ ಗಂಡಸರು ನಮ್ಮ ಜಗಲಿಗೆ ಬಂದು ನನ್ನ ಯಜಮಾನರ ಹತ್ತಿರ ಚಹಾ ಕುಡಿದು ಹೋದರು. ಇವರು ಒಳಗೆ ಬಂದು, "ನಿನ್ನನ್ನ ನಿಲ್ಲಿಸ್ತ್ರಂತೆ" ಎಂದರು, ಗ್ಯಾಸ್ ಸಿಲಿಂಡರ್ ಬಂದಿದೆ ಎಂದು ಹೇಳುವ ಧ್ವನಿಯಲ್ಲಿ. ಮತದಾರರಲ್ಲಿ ಬಹಳ ಜನ ನನ್ನ ಹತ್ತಿರ ಮಗ್ಗಿ ಕಲಿತವರು, ಹೆದರಿಯೇ ಮತ ಹಾಕಿರಬೇಕು. ಗೆದ್ದ ಮೇಲೂ ಯಾರೂ ಮೆಂಬರ್ ಎಂದು ಕರೆಯಲಿಲ್ಲ, ಅಕ್ಕೋರೆ ಎಂದೇ ಕರೆದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಸಾಯುವ ತನಕ ಅದೇ ಹೆಸರು.

ವರದಿ ಹೀಗೆ ಇರುತ್ತಿತ್ತು. ಮಾರುತಿ ಗುಡಿ ಎದುರಿನ ಬೀದಿದೀಪ: ಆಗಿದೆ, ಆದರೆ ಹಗಲು ಉರಿಯುತ್ತಿದೆ. ನಲ್ಲಿ ನೀರು ದಿನ ಬಿಟ್ಟು ದಿನ: ಆಗುತ್ತಿದೆ. ಮೀನುಪೇಟೆಯ ಹಿಂದಿನ ಗಟಾರಕ್ಕೆ ಚಪ್ಪಡಿ: ಆಗಲಿದೆ. ನಾಯಿಗಳು: ಆಗುತ್ತಿದೆ. ನಾಯಿಗಳು ಏನು ಆಗುತ್ತಿವೆ ಎಂದು ಒಬ್ಬರು ಕೇಳಿದರು. ಕಸದ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಿ ಎಂದು ಬರೆದ ತಿಂಗಳು, ಒಣಮೀನಿನ ತಲೆ ಯಾವುದರಲ್ಲಿ ಬರುತ್ತದೆ ಎಂದು ಗುಂಪಿನಲ್ಲಿ ಎರಡು ದಿನ ಚರ್ಚೆಯಾಯಿತು. ಕೊನೆಗೆ ಪುರಸಭೆಗೆ ಫೋನು ಮಾಡಿ ಕೇಳಿದೆ. ಅವರೂ ನಾಳೆ ಹೇಳುತ್ತೇವೆ ಎಂದರು.

ಈ ವರದಿಗೆ ನಿಜವಾದ ಓದುಗರು ಒಬ್ಬರೇ ಇದ್ದರು, ಅವರಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಮನೆಯಿಂದ ಮೂರನೆಯ ಹಿತ್ತಲಿನ ಅಜ್ಜಿ. ಹರಿವೆ, ಬಸಳೆ, ಮೂಲಂಗಿ ಬೆಳೆದು ಪೇಟೆಯಲ್ಲಿ ಕೂತು ಮಾರುವವರು. ಫೋನು ಮಗನ ಹತ್ತಿರ ಇತ್ತು. ಮಗ ಶಿರವಾಡದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ದಿನಗೂಲಿ, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ತಾಯಿಗೆ ಓದಿ ಹೇಳುವಷ್ಟು ಪುರುಸೊತ್ತಿನವನಲ್ಲ. ಆದ್ದರಿಂದ ಮೊದಲ ಭಾನುವಾರ ಅಜ್ಜಿ ಒಂದು ಕಟ್ಟು ಹರಿವೆ ಹಿಡಿದು ನಮ್ಮ ಹಿಂಬಾಗಿಲಿಗೆ ಬಂದು, ಒರಳುಕಲ್ಲಿನ ಪಕ್ಕ ಕೂತು, "ಓದಿ" ಎನ್ನುತ್ತಿದ್ದರು.

ನಾನು ಓದುತ್ತಿದ್ದೆ. ದೀಪ, ನೀರು, ಗಟಾರ, ನಾಯಿ. ಅಜ್ಜಿ ಎಲ್ಲಕ್ಕೂ ತಲೆ ಹಾಕುತ್ತಿದ್ದರು. ಬಸ್ಸಿನಲ್ಲಿ ಕೂತು ತಮ್ಮದಲ್ಲದ ಸ್ಟಾಪುಗಳನ್ನು ನೋಡುವವರ ಹಾಗೆ. ಅವರ ಸ್ಟಾಪು ಕೊನೆಯದು.

"ಮಸಣದ್ದು?"

"ಸ್ಮಶಾನದಲ್ಲಿ ಮಾಡು: ಆಗುತ್ತಿದೆ."

"ಹಾಂ," ಎಂದು ಏಳುತ್ತಿದ್ದರು. ಮೊದಲ ವರ್ಷವಿಡೀ ಹೀಗೇ ನಡೆಯಿತು.

ಕಾರಣ ಹೇಳಬೇಕು. ನಾನು ಚುನಾವಣೆಗೆ ನಿಲ್ಲುವ ಹಿಂದಿನ ಆಷಾಢದಲ್ಲಿ ಅಜ್ಜಿಯ ಗಂಡ ತೀರಿಕೊಂಡಿದ್ದರು. ಮೂರು ದಿನ ಬಿಡದ ಮಳೆ. ನಮ್ಮ ಸ್ಮಶಾನದಲ್ಲಿ ಚಿತೆ ಒಟ್ಟುವ ಜಾಗಕ್ಕೆ ಕಬ್ಬಿಣದ ಸರಳಿನ ಚೌಕಟ್ಟು ಬಿಟ್ಟರೆ ಏನೂ ಇರಲಿಲ್ಲ, ಮೇಲೆ ಮಾಡಿಲ್ಲ, ಸೂರಿಲ್ಲ, ಬರೀ ಆಕಾಶ. ಬೆಳಿಗ್ಗೆ ಹತ್ತಕ್ಕೆ ಹೋದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಯಾರೂ ಅಜ್ಜಿಯ ಮುಖ ನೋಡಲಿಲ್ಲ. ಚಿತೆ ಎರಡು ಸಲ ಆರಿತ್ತಂತೆ. ಮಗ ಡೀಸೆಲ್ ತರಲು ಪೇಟೆಗೆ ಓಡಿದ್ದನಂತೆ, ಹಳೇ ಟಯರು ತಂದು ಒಳಗೆ ತುರುಕಿದ್ದನಂತೆ. ಮರುದಿನ ಬೆಳಿಗ್ಗೆ ಒಬ್ಬನೇ ಮತ್ತೆ ಹೋಗಿ ಉಳಿದದ್ದನ್ನು ಮುಗಿಸಿ ಬಂದ. ಇದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ, ಮಗನ ಅಂಗಿಯ ವಾಸನೆ ಹೇಳಿತ್ತು. ಅವನು ಮೂರು ದಿನ ಅನ್ನ ಮುಟ್ಟಲಿಲ್ಲ. ನೆರೆಮನೆಯವರು ಕಳಿಸಿದ ಗಂಜಿ ತೆಂಗಿನ ಬುಡಕ್ಕೆ ಹೋಯಿತು.

ನಾನು ಮತ ಕೇಳಲು ಹೋದಾಗ ಅಜ್ಜಿ ಅಂಗಳ ಗುಡಿಸುತ್ತಿದ್ದರು. ಉಳಿದವರೆಲ್ಲ ರಸ್ತೆ ಕೇಳಿದರು, ದೀಪ ಕೇಳಿದರು. ಅಜ್ಜಿ, "ಮಸಣಕ್ಕೊಂದು ಮಾಡು ಹಾಕಿಸ್ಕೊಡಿ ಅಕ್ಕೋರೆ" ಎಂದರು. ನಾನು, "ಅಜ್ಜೀ, ನಿಮಗೆ ಇನ್ನೂ ಬೇಕಾದಷ್ಟು ವರ್ಷ ಇದೆ" ಎಂದೆ. ಚುನಾವಣೆ ಹೊತ್ತಿನಲ್ಲಿ ಬಾಯಿಗೆ ಇಂಥದ್ದೇ ಬರುತ್ತದೆ.

"ನಂಗಲ್ಲ," ಎಂದರು ಅಜ್ಜಿ. "ನಾ ಹ್ಯಾಂಗಾದ್ರೂ ಸುಟ್ಟು ಹೋಗ್ತೆ. ಮಗ ಇನ್ನೊಂದ್ಸಲ ಹಂಗೆ ನಿಂತ್ಕಂಡು ನೋಡೂಕಾಗ."

ಬರೆದುಕೊಂಡೆ. ನನಗೆ ಪಟ್ಟಿ ಬರೆಯುವುದು ಬರುತ್ತದೆ.

ಎರಡನೆಯ ವರ್ಷದ ಬೇಸಿಗೆಗೆ ಮಾಡಿಗೆ ಮಂಜೂರಾತಿ ಬಂತು. ಪುರಸಭೆಯ ಇಂಜಿನಿಯರ್ ಫೋನು ಮಾಡಿದ. ಒಳ್ಳೆಯ ಹುಡುಗ, ವಯಸ್ಸಿಗಿಂತ ಹೆಚ್ಚು ಫೈಲು ಹೊತ್ತವನು. "ಮೇಡಂ, ಜಾಗ ತೋರಿಸೂಕೆ ಬನ್ನಿ" ಎಂದ. ಯಾವ ಕೆಲಸಕ್ಕೂ ಇದು ನಡೆಯಬೇಕು. ಮೆಂಬರ್ ಬಂದು ಬೆರಳಿನಿಂದ ಇಲ್ಲಿ ಎಂದು ತೋರಿಸಬೇಕು, ಇಂಜಿನಿಯರ್ ಸುಣ್ಣದಲ್ಲಿ ಗುರುತು ಹಾಕಬೇಕು. ಗಟಾರಕ್ಕೆ ತೋರಿಸಿದ್ದೆ, ನಲ್ಲಿಗೆ ತೋರಿಸಿದ್ದೆ, ಸಾರ್ವಜನಿಕ ಶೌಚಾಲಯಕ್ಕೂ ಮೂಗು ಮುಚ್ಚಿಕೊಂಡು ಹೋಗಿ ತೋರಿಸಿದ್ದೆ.

ಸ್ಮಶಾನಕ್ಕೆ ಹೋಗಲಿಲ್ಲ. ನಮ್ಮಲ್ಲಿ ಹೆಂಗಸರು ಹೋಗುವ ಪದ್ಧತಿಯಿಲ್ಲ. ಹೆಣದ ಹಿಂದೆ ಅಂಗಳದ ಬೇಲಿ ದಾಟುವ ದಣಪೆಯವರೆಗೆ ಹೋಗುತ್ತೇವೆ, ಅಲ್ಲಿಂದ ತಿರುಗಿ ಮನೆ ತೊಳೆಯುತ್ತೇವೆ. ನನ್ನ ಅವ್ವ ಭಾವಿಕೇರಿಯಲ್ಲಿ ತೀರಿಕೊಂಡಾಗಲೂ ನಾನು ದಣಪೆಯ ತನಕವೇ ಹೋದದ್ದು. ಅವಳನ್ನು ಎಲ್ಲಿ ಸುಟ್ಟರು ಎಂದು ಇವತ್ತಿಗೂ ನೋಡಿಲ್ಲ. ಆ ಹೊತ್ತಿನಲ್ಲಿ ನೆಲ ಒರೆಸುತ್ತಿದ್ದೆ. ಆದ್ದರಿಂದ ಇಂಜಿನಿಯರಿಗೆ, "ನಾನು ಬರುವುದು ಸರಿಯಾಗುವುದಿಲ್ಲ, ವಾರ್ಡಿನ ನಾಲ್ಕು ಹಿರಿಯರನ್ನು ಕಳಿಸುತ್ತೇನೆ" ಎಂದೆ. ಅವನಿಗೂ ಅದೇ ಸರಿ ಕಂಡಿತು. ನಾಲ್ಕು ಹಿರಿಯರಲ್ಲಿ ಒಬ್ಬರು ನನ್ನ ಯಜಮಾನರು. ಹೋಗಿ ಜಾಗ ತೋರಿಸಿ, ದಾರಿಯಲ್ಲಿ ಮಿಸಳ್ ತಿಂದು ಬಂದರು.

"ತೋರಿಸಿದಿರಾ?" ಎಂದು ಕೇಳಿದೆ.

"ತೋರಿಸಿದ್ವು. ಒಳ್ಳೇ ಜಾಗ," ಎಂದರು.

ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಇಂಜಿನಿಯರ್ ಫೋಟೋ ಕಳಿಸಿದ. ನೀಲಿ ತಗಡಿನ ಚಂದದ ಮಾಡು, ನಾಲ್ಕು ಕಂಬ, ಕೆಳಗೆ ಸಿಮೆಂಟಿನ ಉದ್ದನೆಯ ಕಟ್ಟೆ. ಆ ಕಟ್ಟೆಯನ್ನು ನಾನು ಬಹಳ ಹೊತ್ತು ನೋಡಿದೆ. ಸ್ಮಶಾನವನ್ನು ನಾನು ಕಂಡದ್ದು ಸಿನೆಮಾದಲ್ಲಿ ಮಾತ್ರ, ಅದೂ ಕಣ್ಣೀರಿನ ನಡುವೆ. ಮನುಷ್ಯ ಮಲಗುವಷ್ಟು ಉದ್ದದ ಕಟ್ಟೆ ಮಲಗುವುದಕ್ಕೇ ಇರಬೇಕು ಎಂದುಕೊಂಡೆ. ಜೂನಿನ ವರದಿಯಲ್ಲಿ ಬರೆದೆ. ಸ್ಮಶಾನದಲ್ಲಿ ಮಾಡು: ಆಗಿದೆ. ಗುಂಪಿನಲ್ಲಿ ಹೆಬ್ಬೆರಳುಗಳು ಸಾಲಾಗಿ ಬಂದವು. ನಾನು ಮೆಂಬರ್ ಆದ ಮೇಲೆ ಅಷ್ಟು ಹೆಬ್ಬೆರಳು ಬಂದದ್ದು ಅದೇ ಮೊದಲು. ಎಲ್ಲವೂ ಗಂಡಸರದ್ದು ಎಂಬುದು ಆಮೇಲೆ ನೆನಪಾಯಿತು.

ಆ ಭಾನುವಾರ ಅಜ್ಜಿ ಬಂದಾಗ ದೀಪ, ಗಟಾರ ಎಲ್ಲ ಬಿಟ್ಟು ಅದನ್ನೇ ಮೊದಲು ಓದಿದೆ. ಅಜ್ಜಿ ಹರಿವೆ ಕಟ್ಟನ್ನು ಒರಳುಕಲ್ಲಿನ ಮೇಲೆ ಇಟ್ಟರು. ಆಮೇಲೆ, "ಎಷ್ಟೆತ್ತರ ಅದೆ? ಬೆಂಕಿ ತಾಗೂದಿಲ್ವಾ?" ಎಂದರು.

"ಇಂಜಿನಿಯರ್ ನೋಡಿ ಹಾಕಿದ್ದಾನೆ ಅಜ್ಜೀ," ಎಂದೆ. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದಾಗ ನಾನು ಬಳಸುತ್ತಿದ್ದ ಧ್ವನಿ ಅದು, ಬಹಳ ಗಟ್ಟಿಯಾದದ್ದು.

ಮರುದಿನ ಬುಟ್ಟಿ ತುಂಬ ಕರಿ ಈಶಾಡು ಮಾವಿನಹಣ್ಣು ಬಂತು. ಆ ವರ್ಷದ ಕೊನೆಯ ಹಣ್ಣುಗಳು, ಮಾರಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು. ನಾವು ಗಂಡಹೆಂಡತಿ ವಾರವಿಡೀ ತಿಂದೆವು, ಇವರು ಗೊರಟೆಯನ್ನೂ ಬಿಡಲಿಲ್ಲ.

ಆಷಾಢ ಬಂತು. ನಮ್ಮ ವಾರ್ಡಿನಲ್ಲಿ ಹಾಲು ಹಾಕುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಮಳೆ ಹೊಯ್ಯುತ್ತಿತ್ತು. ಗಂಡಸರೆಲ್ಲ ಬೆಳಿಗ್ಗೆ ಹೋದರು, ಹಾಲಿನವರು ಹತ್ತಿರದವರಾದ್ದರಿಂದ ಇವರೂ ಹೋದರು. ಮಧ್ಯಾಹ್ನ ಊಟಕ್ಕೆ ಬಂದಾರು ಎಂದು ಕಾದೆ. ಬಂದದ್ದು ಐದು ಗಂಟೆಗೆ.

ಸ್ಮಶಾನದಿಂದ ಬಂದವರು ನೇರ ಒಳಗೆ ಬರುವಂತಿಲ್ಲ. ಹಿತ್ತಲಿನ ಬಾವಿಕಟ್ಟೆಯಲ್ಲಿ ನಿಂತು ತಲೆಗೆ ಸ್ನಾನ ಆಗಬೇಕು, ಮನೆಯವರು ನೀರು ಹೊಯ್ಯಬೇಕು. ಹಂಡೆಯ ಬಿಸಿನೀರು ತಂದು ತಂಬಿಗೆಯಲ್ಲಿ ಹೊಯ್ಯತೊಡಗಿದೆ. ಇವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಒಳ್ಳೇ ಕೆಲಸ ಮಾಡಿಸ್ದೆ ನೋಡು," ಎಂದರು. "ಇಷ್ಟು ಮಳೆ, ಒಂದು ಹನಿ ಬೀಳಲಿಲ್ಲ. ಎಲ್ಲಾರೂ ನಿನ್ನ ಹೆಸರು ಹೇಳ್ತಿದ್ರು."

"ಮತ್ತೆ ಇಷ್ಟು ಹೊತ್ತು ಯಾಕಾಯ್ತು?"

"ಸೌದೆ ಹತ್ತಬೇಕಲ್ಲಾ ಮಾರಾಯ್ತಿ. ಮಳೆ ಅಲ್ದಾ? ಎರಡು ಸಲ ಆರೇ ಹೋಯ್ತು."

"ಮಾಡು ಇದೆಯಲ್ಲ?"

"ಮಾಡು ಅದೆ," ಎಂದರು ಇವರು. "ನಾವು ಕೂತ್ಕಂಬಲ್ಲಿ."

ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ತಲೆಯ ಮೇಲೆ ಸೋಪಿನ ನೊರೆ, ಕಣ್ಣು ತೆರೆಯುವಂತಿಲ್ಲ, ಇವರು ನೀರಿಗೆ ಕಾಯುತ್ತಿದ್ದರು. ನಾನು ಹೊಯ್ಯಲಿಲ್ಲ. ನಿಂತಲ್ಲೇ ಕೇಳಿದೆ, ಇವರು ನೊರೆಯೊಳಗಿಂದ ಉತ್ತರ ಹೇಳಿದರು. ಜಾಗ ತೋರಿಸಲು ಹೋದ ನಾಲ್ಕು ಹಿರಿಯರು, ಪ್ರತಿ ಮಳೆಗಾಲ ತಾವು ಮೂರು ಮೂರು ತಾಸು ನೆನೆಯುತ್ತ ನಿಂತ ಗೋಳಿಮರದ ಬುಡವನ್ನೇ ತೋರಿಸಿದ್ದರು. ಅಲ್ಲಿ ಮಾಡು ಬಂತು, ಕೂರುವುದಕ್ಕೆ ಕಟ್ಟೆ ಬಂತು. ಚಿತೆಯ ಚೌಕಟ್ಟು ಹದಿನೈದು ಹೆಜ್ಜೆ ಆಚೆ, ಇದ್ದ ಹಾಗೇ ಮಳೆಯಲ್ಲಿ ಇತ್ತು.

"ನಿಮಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವೇ?"

"ನೀ ಕೇಳಲಿಲ್ಲ," ಎಂದರು. "ನಿಂಗೆ ಗೊತ್ತಿದ್ದೇ ಬರೆದದ್ದು ಅಂದ್ಕಂಡೆ. ಈಗ ನೀರು ಹೊಯ್ತ್ಯಾ ಇಲ್ವಾ?"

ಹೊಯ್ದೆ. ತಣ್ಣೀರು ಹೊಯ್ದೆ.

ಸಿಟ್ಟು ಬಂದದ್ದು ಇವರ ಮೇಲಲ್ಲ ಎಂದು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು. ನಾಲ್ಕು ಗಂಡಸರು ತಮಗೆ ಎಲ್ಲಿ ಕಷ್ಟವಾಗುತ್ತಿತ್ತೋ ಅಲ್ಲಿಗೆ ಬೆರಳು ತೋರಿಸಿದರು, ಅದರಲ್ಲಿ ಮೋಸವಿಲ್ಲ. ಮಲಗಿದವನು ನಾನೂ ನೆನೆಯುತ್ತೇನೆ ಎಂದು ಹೇಳುವುದಿಲ್ಲ. ಅವನ ಪರವಾಗಿ ಹೇಳಬೇಕಾದವಳು ನಾನು. ನೋಡದ ಲೆಕ್ಕಕ್ಕೆ ಸರಿ ಹಾಕಿದ ಟೀಚರಿಗೆ ನಾನೇ ಶಾಲೆಯಲ್ಲಿ ಏನು ಹೇಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಬಹಳ ನಾಚಿಕೆಯಾಯಿತು. ಮಾವಿನಹಣ್ಣು ಬಂದ ಬುಟ್ಟಿಯನ್ನು ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿದೆ.

ಮುಂದಿನ ಮೊದಲ ಭಾನುವಾರದ ವರದಿಯಲ್ಲಿ ಸ್ಮಶಾನದ ವಿಷಯ ಬರೆಯಲೇ ಇಲ್ಲ. ಆಗಿದೆ ಎಂದು ಬರೆದದ್ದನ್ನು ಮತ್ತೆ ಆಗುತ್ತಿದೆ ಎಂದು ತಿದ್ದುವುದು ಹೇಗೆ ಎಂದು ತಿಳಿಯಲಿಲ್ಲ. ಅಜ್ಜಿ ಹರಿವೆಯೊಂದಿಗೆ ಬಂದರು, ಒರಳುಕಲ್ಲಿನ ಪಕ್ಕ ಕೂತರು. ಅವರ ಮಗನೂ ಹಾಲಿನವರ ಸಂಸ್ಕಾರಕ್ಕೆ ಹೋಗಿದ್ದ. ಅವನು ತಾಯಿಗೆ ಏನು ಹೇಳಿದ್ದಾನೆ, ಏನು ಬಿಟ್ಟಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಓದಿದೆ. ದೀಪ, ನೀರು, ಗಟಾರ, ನಾಯಿ. ನಿಲ್ಲಿಸಿದೆ.

"ಮಾಡು ಹಾಕಿದ್ದು ನೀವು ನೋಡಿದ್ರಾ ಅಕ್ಕೋರೆ?" ಎಂದರು ಅಜ್ಜಿ.

"ಇಲ್ಲ."

"ಯಾಕೆ?"

"ಹೆಂಗಸರು ಹೋಗುವುದಿಲ್ಲವಲ್ಲ ಅಜ್ಜೀ."

ಅಜ್ಜಿ ಹರಿವೆಯ ಕಟ್ಟನ್ನು ಬಿಚ್ಚಿ, ಒಣಗಿದ ಎರಡು ಎಲೆ ಕಿತ್ತು, ಮತ್ತೆ ಕಟ್ಟಿದರು. "ನೀವು ಮೆಂಬರಲ್ವಾ?" ಎಂದರು. ಐದು ವರ್ಷದಲ್ಲಿ ನನ್ನನ್ನು ಯಾರಾದರೂ ಮೆಂಬರ್ ಎಂದದ್ದು ಅದೊಂದು ಸಲ.

ನಾನು ಒಳಗೆ ಹೋಗಿ ಕೊಡೆ ತಂದೆ. ಇವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. "ಎಲ್ಲಿಗೆ?" ಎಂದರು. "ಸ್ಮಶಾನಕ್ಕೆ," ಎಂದೆ. ಇವರು ಪೇಪರು ಮಡಚಿದರು, ಮತ್ತೆ ಬಿಡಿಸಿದರು.

ಅಜ್ಜಿಯೂ ನನ್ನ ಜೊತೆ ಹೊರಟಿದ್ದರು. ಬರಬೇಡಿ ಎನ್ನಲು ನನಗೆ ಯಾವ ಮುಖವಿತ್ತು? ಒಂದು ಕೊಡೆಯ ಕೆಳಗೆ ಇಬ್ಬರೂ ಗದ್ದೆ ಬದುವಿನ ಮೇಲೆ ನಡೆದೆವು. ಸ್ಮಶಾನ ಅಷ್ಟು ಹತ್ತಿರವಿದೆ ಎಂದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಲಾಗಾಯ್ತು ಅದು ಬಹಳ ದೂರದ ಊರು ಎಂಬ ಹಾಗೆ ಬದುಕಿದ್ದೆ. ನಮ್ಮ ಮನೆಯಿಂದ ರೇಷನ್ ಅಂಗಡಿಗಿಂತ ಹತ್ತಿರ.

ನೀಲಿ ಮಾಡು ನಿಜಕ್ಕೂ ಚಂದವಿತ್ತು. ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಗುಟ್ಕಾ ಚೀಟಿ, ಒಂದು ಹಳೆಯ ಪೇಪರು, ಎಲ್ಲವೂ ಬೆಚ್ಚಗೆ ಒಣಗಿ ಕೂತಿದ್ದವು. ಆಚೆ ಚೌಕಟ್ಟಿನ ಮೇಲೆ ಮಳೆ ಬೀಳುತ್ತಿತ್ತು. ಅರ್ಧ ಸುಟ್ಟ ಮಾವಿನ ಸೌದೆ ಕಪ್ಪು ನೀರಿನಲ್ಲಿ ತೇಲುತ್ತಿತ್ತು. ಅಜ್ಜಿ ಕೊಡೆಯಿಂದ ಹೊರಗೆ ಹೋಗಿ ಅದರ ಮುಂದೆ ನಿಂತರು. ಸರಳನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಗಂಡನನ್ನು ಬಿಟ್ಟ ಜಾಗವನ್ನು ಅವರು ನೋಡಿದ್ದು ಅದೇ ಮೊದಲು. ನಾನು ಕೊಡೆ ಹಿಡಿಯಲು ಹೋದೆ, ಕೈಯಲ್ಲೇ ಬೇಡ ಎಂದರು. ನನಗೆ ಅವ್ವ ನೆನಪಾದಳು. ಅವಳ ಜಾಗಕ್ಕೆ ಮಾಡು ಇತ್ತೋ ಇಲ್ಲವೋ ಎಂದು ನಾನು ಯಾವತ್ತೂ ಯಾರನ್ನೂ ಕೇಳಿರಲಿಲ್ಲ. ಅತ್ತುಬಿಟ್ಟೆ, ಜೋರಾಗಿಯೇ ಅತ್ತೆ. ಮಳೆಯಲ್ಲಿ ಅದೊಂದು ಅನುಕೂಲ.

ಮನೆಗೆ ಬಂದಾಗ ಇವರು ಬಾವಿಕಟ್ಟೆಯಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದರು. ಸೀರೆಯುಟ್ಟವಳ ತಲೆಗೆ ಗಂಡ ನೀರು ಹೊಯ್ಯುವುದು ನಮ್ಮ ಹಿತ್ತಲಿನಲ್ಲಿ ಅದೇ ಮೊದಲು. ತಂಬಿಗೆ ಸರಿಯಾಗಿ ಹಿಡಿಯಲು ಬರಲಿಲ್ಲ, ಕಿವಿಗೆಲ್ಲ ನೀರು ಹೊಕ್ಕಿತು. "ತಪ್ಪಾಯ್ತು," ಎಂದರು ನಡುವೆ. ಕಿವಿಯಲ್ಲಿ ನೀರಿದ್ದರೂ ಕೇಳಿಸಿತು. ತಲೆ ಒರೆಸಿಕೊಳ್ಳುವಷ್ಟರಲ್ಲಿ ಭಾವಿಕೇರಿಯಿಂದ ಅಕ್ಕನ ಫೋನು. "ನೀ ಮಸಣಕ್ಕೆ ಹೋಗಿದ್ಯಂತೆ?" ನಮ್ಮ ನಲ್ಲಿ ನೀರು ಇಷ್ಟು ಬೇಗ ಬರುವುದಾದರೆ ನಾನು ಚುನಾವಣೆಗೆ ನಿಲ್ಲಬೇಕಾಗಿರಲಿಲ್ಲ.

ಇಂಜಿನಿಯರ್ ತಲೆ ಕೆರೆದುಕೊಂಡ. ಮುಗಿದ ಕೆಲಸದ ಫೈಲು ಮತ್ತೆ ತೆರೆಯಲು ಕಾರಣ ಬೇಕು ಎಂದ. ಕಾರಣ ಬರೆದುಕೊಟ್ಟೆ: ಜಾಗ ತಪ್ಪಾಗಿದೆ, ಸ್ವತಃ ಬಂದು ತೋರಿಸದೇ ಇದ್ದದ್ದು ನನ್ನ ತಪ್ಪು, ಇರುವ ಮಾಡನ್ನೇ ಬಿಚ್ಚಿ ಚಿತೆಯ ಜಾಗಕ್ಕೆ ಹಾಕತಕ್ಕದ್ದು. ಕೆಳಗೆ ಸಹಿ. ಅವನು ಅದನ್ನು ಎರಡು ಸಲ ಓದಿದ. ಇಂಥ ಅರ್ಜಿ ಅವನ ಟೇಬಲ್ಲಿಗೆ ಬಂದಿರಲಿಲ್ಲವಂತೆ.

ಚೌತಿ ಕಳೆದ ಮೇಲೆ ಪುರಸಭೆಯ ಸಭೆಯಲ್ಲಿ ವಿಷಯ ಬಂತು. ಎದ್ದು ನಿಂತು ಹೇಳಿದೆ. ಮತ್ತೊಂದು ವಾರ್ಡಿನ ಹಿರಿಯ ಸದಸ್ಯರು, "ನೀವು ಅಲ್ಲಿಗೆ ಹೋಗಿ ನೋಡಿದ್ದೀರಾ?" ಎಂದು ಕೇಳಿದರು. ಇಲ್ಲ ಎಂಬ ಉತ್ತರ ಬರುತ್ತದೆ ಎಂದು ಅವರ ಲೆಕ್ಕ. "ನೋಡಿದ್ದೇನೆ. ನಿಮ್ಮ ವಾರ್ಡಿನದನ್ನೂ ನೋಡಿ ಬಂದೆ. ಅದಕ್ಕೆ ಕಟ್ಟೆ ಕೂಡ ಇಲ್ಲ," ಎಂದೆ. ಆ ದಿನ ಚರ್ಚೆಯಿಲ್ಲದೆ ಪಾಸಾದ ವಿಷಯ ಅದೊಂದೇ.

ಗಂಡಸರು ಸುಮ್ಮನಿರಲಿಲ್ಲ. ವಾಟ್ಸಾಪಿನಲ್ಲಿ ಮನವಿ ಬಂತು, ಜಗಲಿಗೆ ನಿಯೋಗ ಬಂತು. "ಅಕ್ಕೋರೆ, ಬಂದವ್ರು ಎಲ್ಲಿ ನಿಂತ್ಕಳೂದು?" ಎಂದರು. ಅವರಲ್ಲಿ ಇಬ್ಬರು ನನ್ನ ಹತ್ತಿರ ಎರಡನೇ ಇಯತ್ತೆ ಓದಿದವರು. "ಕೊಡೆ ತನ್ನಿ," ಎಂದೆ. "ಮಲಗಿದವರಿಗೆ ಕೊಡೆ ಹಿಡಿಯಲು ಬರುವುದಿಲ್ಲ." ನಿಯೋಗ ಚಹಾ ಕುಡಿದು ಎದ್ದಿತು.

ದೀಪಾವಳಿ ಮುಗಿದು ನೆಲ ಒಣಗಿದ ಮೇಲೆ ಮಾಡು ಜಾಗ ಬದಲಿಸಿತು. ಉರಿ ತಾಗದ ಹಾಗೆ ಕಂಬಗಳನ್ನು ಎತ್ತರಿಸಬೇಕಿತ್ತು, ಹೊಗೆ ಹೋಗಲು ನಡುವೆ ಸಂದು ಬಿಡಬೇಕಿತ್ತು. ಶಿರವಾಡದ ಶೆಡ್ಡಿನಿಂದ ಕೆಲಸಕ್ಕೆ ಬಂದವನು ಅಜ್ಜಿಯ ಮಗನೇ. ಅವನು ಏಣಿ ಹತ್ತಿ ಕಂಬಕ್ಕೆ ಬೆಸುಗೆ ಹಾಕುವಾಗ ಅಜ್ಜಿ ಕೆಳಗೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ನಾನೂ ಇದ್ದೆ. ಅಷ್ಟು ಹೊತ್ತಿಗೆ ನಮ್ಮಿಬ್ಬರಿಗೆ ಅದು ಪೇಟೆಗೆ ಹೋದಷ್ಟೇ ಸಲೀಸಾಗಿತ್ತು.

"ಇನ್ನೊಂದ್ಚೂರು ಎತ್ತರ ಬೇಡ್ವನಾ?" ಎಂದರು ಅಜ್ಜಿ.

"ಸಾಕು ಅಬ್ಬೇ," ಎಂದ ಮಗ, ಮುಖದ ಗುರಾಣಿ ತೆಗೆಯದೆ. "ಬಿಸ್ಲಿಗೆ ನಿಂತ್ಕಬೇಡ, ಮನೀಗೆ ಹೋಗು."

ಅವನು ಆ ಕಂಬಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಬೆಸುಗೆ ಹಾಕಿದ್ದಾನೆ ಎಂದು ಇಂಜಿನಿಯರ್ ಆಮೇಲೆ ಹೇಳಿದ. ಡಿಸೆಂಬರಿನ ವರದಿಯಲ್ಲಿ ನಾನು ಆಗುತ್ತಿದೆ ಎಂದೇ ಬರೆದೆ. ಮಳೆಯಲ್ಲಿ ನೋಡದೆ ಷರಾ ಬದಲಿಸುವುದಿಲ್ಲ ಎಂದು ಶಪಥ ಮಾಡಿದ್ದೆ. ಜೂನಿನ ಮೊದಲ ಜೋರು ಮಳೆಯ ದಿನ ಅಜ್ಜಿ ಒಬ್ಬರೇ ಹೋಗಿ ಅರ್ಧ ತಾಸು ಆ ಚೌಕಟ್ಟಿನ ಪಕ್ಕ ನಿಂತು ಬಂದರಂತೆ. ಹಿಂಬಾಗಿಲಿಗೆ ಬಂದು ತಲೆಯ ಸೆರಗು ಸರಿಸಿ ಕೂದಲು ತೋರಿಸಿದರು, ಒಣಗಿತ್ತು. "ಬರೀರಿ," ಎಂದರು.

ಬರೆದೆ. ಆಗಿದೆ.

ಆ ಆಷಾಢದಲ್ಲೇ ಅಜ್ಜಿ ಹೋದರು. ಬೆಳಿಗ್ಗೆ ಬಸಳೆ ಚಪ್ಪರದ ಕೆಳಗೆ ಕೂತವರು ಏಳಲಿಲ್ಲ. ಮಳೆ ಹಿಂದಿನ ರಾತ್ರಿಯಿಂದ ಹಿಡಿದದ್ದು ಬಿಟ್ಟಿರಲಿಲ್ಲ. ಚಿತ್ತಾಕುಲದಿಂದ ಅಜ್ಜಿಯ ಮಗಳು ಬಂದಳು, ಹತ್ತು ಗಂಟೆಯ ಹೊತ್ತಿಗೆ ಹೊರಟರು. ದಣಪೆಯ ಹತ್ತಿರ ಹೆಂಗಸರು ನಿಂತರು. ನಾನು ನಿಲ್ಲಲಿಲ್ಲ. ಹಿಂದೆ ತಿರುಗಿ ನೋಡಿದರೆ ಮಗಳೂ ಬರುತ್ತಿದ್ದಳು. ಮಳೆಗೆ ಎಲ್ಲರೂ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು.

ನಮ್ಮ ವಾರ್ಡಿನ ಗಂಡಸರೆಲ್ಲ ಗೋಳಿಮರದ ಬುಡದಲ್ಲಿ ಕೊಡೆ ಹಿಡಿದು ನೆನೆಯುತ್ತ ನಿಂತರು. ನನ್ನ ಯಜಮಾನರ ಕೊಡೆಯ ಒಂದು ಕಡ್ಡಿ ಮುರಿದಿತ್ತು, ನೀರು ಅವರ ಬೆನ್ನಿಗೇ ಇಳಿಯುತ್ತಿತ್ತು. ಅವರು ಸರಿಸಿಕೊಳ್ಳಲಿಲ್ಲ. ಮಾಡಿನ ಕೆಳಗೆ ಒಣ ನೆಲದ ಮೇಲೆ ಮಗ ಒಬ್ಬನೇ ಇದ್ದ. ಡೀಸೆಲ್ಲಿನ ಕ್ಯಾನು ತಂದು ದೂರ ಇಟ್ಟಿದ್ದ, ನಾನು ನೋಡಿದೆ. ಬೆಂಕಿ ಕೊಟ್ಟ. ಮೊದಲ ಸಲಕ್ಕೇ ಹತ್ತಿತು. ಅವನು ಸ್ವಲ್ಪ ಹೊತ್ತು ನಂಬದವನ ಹಾಗೆ ಅದನ್ನೇ ನೋಡಿದ, ಆಮೇಲೆ ತಲೆ ಎತ್ತಿ ಮಾಡನ್ನು ನೋಡಿದ.

ಮುಗಿದ ಮೇಲೆ ನಮ್ಮ ಹತ್ತಿರ ಬಂದ. ಮಧ್ಯಾಹ್ನ ಇನ್ನೂ ಎರಡೂ ಆಗಿರಲಿಲ್ಲ. ಕ್ಯಾನು ಅವನ ಕೈಯಲ್ಲಿ ತುಂಬಿದ್ದ ಹಾಗೇ ಇತ್ತು.

"ಬೇಗ ಆಯ್ತು ಅಕ್ಕೋರೆ," ಎಂದ.

ಮನೆಗೆ ಬಂದು ಸ್ನಾನ ಮಾಡಿ ಗಂಜಿ ಬೇಯಿಸಿದೆ. ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ದೊಡ್ಡ ಪಾತ್ರೆ ತುಂಬ, ಉಪ್ಪಿನಕಾಯಿ ಸಮೇತ ಕಳಿಸಿದೆ. ಸಂಜೆ ಅಜ್ಜಿಯ ಸೊಸೆ ಪಾತ್ರೆ ತೊಳೆದು ತಂದುಕೊಟ್ಟಳು. ಗಂಡ ಉಂಡನೋ ಇಲ್ಲವೋ ಎಂದು ಕೇಳಬೇಕೆಂದಿದ್ದೆ, ಧೈರ್ಯವಾಗಲಿಲ್ಲ. ಅವಳೇ ಹೇಳಿದಳು.

"ಉಂಡ್ರು. ಎರಡ್ಸಲ ಬಡಿಸ್ಕಂಡು ಉಂಡ್ರು."